ಬಸ್ಸನ್ನೇ ಗುಜರಿಗೆ ಕಳಿಸುವ ಪ್ರೋಟೀನ್: ಕೊಲೆಸ್ಟರಾಲ್ ಲೆಕ್ಕದಲ್ಲಿ ನಾವು ಓದದ ಪುಟ

ಲಿಪಿಡ್ ಪ್ರೊಫೈಲ್ ರಿಪೋರ್ಟ್ ಕೈಗೆ ಬಂದ ತಕ್ಷಣ ನಾವೆಲ್ಲ ಮಾಡುವುದು ಒಂದೇ ಕೆಲಸ. ಎಲ್‌ಡಿಎಲ್ ಎದುರಿಗಿರುವ ಸಂಖ್ಯೆ ನೋಡುತ್ತೇವೆ. ಅದು ದಪ್ಪಕ್ಷರದಲ್ಲಿ ಅಚ್ಚಾಗಿದ್ದರೆ ಎದೆ ಧಸಕ್ ಅನ್ನುತ್ತದೆ. ಆಮೇಲೆ ಲೆಕ್ಕ ಶುರು: ಬೋಂಡಾ ತಿಂದಿದ್ದಕ್ಕೆ, ತುಪ್ಪ ಸುರಿದುಕೊಂಡಿದ್ದಕ್ಕೆ, ವಾಕಿಂಗ್ ಬಿಟ್ಟಿದ್ದಕ್ಕೆ.

ಈ ಲೆಕ್ಕ ತಪ್ಪಲ್ಲ, ಆದರೆ ಅರ್ಧ ಲೆಕ್ಕ. ಮನೆ ಮೇಲಿನ ನೀರಿನ ಟ್ಯಾಂಕ್ ತುಂಬಿ ಹರಿಯುತ್ತಿದ್ದರೆ ಮೋಟಾರ್ ಜಾಸ್ತಿ ಹೊತ್ತು ಓಡಿರಬಹುದು. ಕೆಳಗಿನ ಪೈಪ್ ಕಟ್ಟಿಕೊಂಡಿರಲೂಬಹುದು. ರಕ್ತದಲ್ಲಿ ಎಲ್‌ಡಿಎಲ್ ಎಷ್ಟಿದೆ ಅನ್ನುವುದೂ ಹಾಗೆಯೇ. ಎಷ್ಟು ಬಂತು ಅನ್ನುವಷ್ಟೇ, ಎಷ್ಟು ಹೊರಹೋಯಿತು ಅನ್ನುವುದೂ ಮುಖ್ಯ. ಆ ಹೊರಹೋಗುವ ಪೈಪು ಇರುವುದು ಮುಖ್ಯವಾಗಿ ಲಿವರ್‌ನಲ್ಲಿ. ಅದನ್ನು ಕಟ್ಟಿಹಾಕುವ ಒಂದು ಪ್ರೋಟೀನ್ ನಮ್ಮೆಲ್ಲರ ರಕ್ತದಲ್ಲೂ ಓಡಾಡುತ್ತಿದೆ. ಅದರ ಹೆಸರು ಪಿಸಿಎಸ್‌ಕೆ9.

ಇದೇ ಪ್ರೋಟೀನನ್ನು ಕಾರ್ಖಾನೆಯಲ್ಲಿ ತಯಾರಿಸಿ, ಪುಟ್ಟ ಪುಟ್ಟ ಶೀಶೆಗಳಲ್ಲಿ ತುಂಬಿ ಮಾರುತ್ತಾರೆ. 'ರಿಕಾಂಬಿನೆಂಟ್ ಹ್ಯೂಮನ್ ಪಿಸಿಎಸ್‌ಕೆ9' ಅಂತ ಲೇಬಲ್. ಜತೆಗೆ 'ಸಂಶೋಧನೆಗೆ ಮಾತ್ರ' ಎಂಬ ಎಚ್ಚರಿಕೆ. ಕೆಲವು ಹತ್ತು ಮೈಕ್ರೋಗ್ರಾಂ, ಅಂದರೆ ಉಪ್ಪಿನ ಒಂದು ಹರಳಿಗೆ ಹೋಲಿಸಬಹುದಾದಷ್ಟು ಪುಡಿಗೆ ಹತ್ತಾರು ಸಾವಿರ ರೂಪಾಯಿ. ಇದು ಔಷಧವಲ್ಲ, ಯಾರಿಗೂ ಚುಚ್ಚುವಂತಿಲ್ಲ. ಹಾಗಿದ್ದರೆ ಯಾರು ಕೊಳ್ಳುತ್ತಾರೆ, ಯಾಕೆ ಕೊಳ್ಳುತ್ತಾರೆ? ಇದನ್ನು ಅರ್ಥ ಮಾಡಿಕೊಂಡರೆ ಕಡಿಮೆ ವಯಸ್ಸಿನ ಹೃದಯಾಘಾತ, ಔಷಧಿಗಳ ಬೆಲೆ, ಮತ್ತು 'ಮೂಲವಿಜ್ಞಾನದಿಂದ ಏನುಪಯೋಗ' ಎಂಬ ಹಳೇ ಪ್ರಶ್ನೆ ಮೂರೂ ಒಂದೇ ದಾರದಲ್ಲಿ ಪೋಣಿಸಿಕೊಳ್ಳುತ್ತವೆ.

ಜೀವಕೋಶದ ಬಾಗಿಲಲ್ಲಿ ನಡೆಯುವುದೇನು?

ಕೊಲೆಸ್ಟರಾಲ್ ಎಣ್ಣೆಯ ಜಾತಿಯದು, ನೀರಿನಲ್ಲಿ ಕರಗುವುದಿಲ್ಲ. ಹಾಗಾಗಿ ರಕ್ತದಲ್ಲಿ ಅದು ಒಂಟಿಯಾಗಿ ಓಡಾಡುವಂತಿಲ್ಲ. ಪ್ರೋಟೀನಿನ ಪಟ್ಟಿ ಸುತ್ತಿದ ಕೊಬ್ಬಿನ ಉಂಡೆಯೊಳಗೆ ಕೂತು ಪ್ರಯಾಣಿಸುತ್ತದೆ. ಆ ಉಂಡೆಯೇ ಎಲ್‌ಡಿಎಲ್. ಅಡ್ಡಳತೆ ಸುಮಾರು 22 ನ್ಯಾನೋಮೀಟರ್. ಒಂದೊಂದರಲ್ಲೂ ಸಾವಿರಕ್ಕೂ ಹೆಚ್ಚು ಕೊಲೆಸ್ಟರಾಲ್ ಅಣುಗಳು.

ಜೀವಕೋಶದ ಪೊರೆಯನ್ನು ದಾಟುವುದಕ್ಕೆ ಇಷ್ಟು ದೊಡ್ಡ ಉಂಡೆಗೆ ಸಾಧ್ಯವಿಲ್ಲ. ಅದಕ್ಕೆ ಪೊರೆಯ ಮೇಲೆ ರಿಸೆಪ್ಟರ್‌ಗಳಿವೆ. ಕನ್ನಡದಲ್ಲಿ ಗ್ರಾಹಕ ಅನ್ನಬಹುದು, ಆದರೆ ಗ್ರಾಹಕ ಅಂದ ಕೂಡಲೇ ಅಂಗಡಿಗೆ ಬಂದವರು ನೆನಪಾಗುತ್ತಾರೆ. ಇಲ್ಲಿ ರಿಸೆಪ್ಟರ್ ಅಂತಲೇ ಇಟ್ಟುಕೊಳ್ಳೋಣ. ಎಲ್‌ಡಿಎಲ್ ರಿಸೆಪ್ಟರ್ 839 ಅಮೈನೋ ಆಮ್ಲಗಳ ಒಂದು ಸರಪಳಿ. ಅದರ ತಲೆ ಜೀವಕೋಶದ ಹೊರಗೆ, ಬಾಲ ಒಳಗೆ. ತಲೆ ಎಲ್‌ಡಿಎಲ್ ಹಿಡಿಯುತ್ತದೆ. ಬಾಲ ಒಳಗಿನವರಿಗೆ 'ನನ್ನನ್ನು ಎಳೆದುಕೊಳ್ಳಿ' ಅನ್ನುತ್ತದೆ.

ಎಳೆದುಕೊಳ್ಳುವ ಬಗೆ ಇದು: ಪೊರೆಯ ಒಳಬದಿಯಲ್ಲಿ ಕ್ಲಾಥ್ರಿನ್ ಎಂಬ ಪ್ರೋಟೀನ್ ಒಂದಕ್ಕೊಂದು ಹೆಣೆದುಕೊಂಡು ಬುಟ್ಟಿ ಕಟ್ಟುತ್ತದೆ. ಕ್ಲಾಥ್ರಿನ್‌ನ ಒಂದೊಂದು ತುಂಡಿಗೂ ಮೂರು ಕಾಲು. ಷಟ್ಕೋನ, ಪಂಚಕೋನ ಸೇರಿಸಿ ಹೊಲಿದ ಫುಟ್‌ಬಾಲ್ ಇದೆಯಲ್ಲ, ಥೇಟ್ ಹಾಗೆ ಹೆಣಿಗೆ. ಬುಟ್ಟಿ ಕಟ್ಟುತ್ತಾ ಹೋದಂತೆ ಪೊರೆ ಒಳಕ್ಕೆ ಗುಳಿ ಬೀಳುತ್ತದೆ. ಅಡಾಪ್ಟರ್ ಪ್ರೋಟೀನ್‌ಗಳು ರಿಸೆಪ್ಟರ್‌ನ ಬಾಲ ಹಿಡಿದು ಆ ಗುಳಿಗೆ ತಂದು ಸೇರಿಸುತ್ತವೆ. ಕೊನೆಗೆ ಡೈನಮಿನ್ ಎಂಬ ಇನ್ನೊಂದು ಪ್ರೋಟೀನ್ ಗುಳಿಯ ಕತ್ತಿಗೆ ಸುರುಳಿ ಸುತ್ತಿ ಬಿಗಿದು ಕತ್ತರಿಸುತ್ತದೆ. ಗುಳಿ ಈಗ ಒಂದು ಪುಟ್ಟ ಗುಳ್ಳೆಯಾಗಿ ಜೀವಕೋಶದ ಒಳಗಿದೆ. ಇಡೀ ಕ್ರಿಯೆಗೆ ಎಂಡೋಸೈಟೋಸಿಸ್ ಅಂತ ಹೆಸರು.

ಒಳಗೆ ಹೋದ ಗುಳ್ಳೆ ಎಂಡೋಸೋಮ್ ಎಂಬ ವಿಂಗಡಣಾ ಕೇಂದ್ರಕ್ಕೆ ಸೇರುತ್ತದೆ. ಅಲ್ಲಿ ಸ್ವಲ್ಪ ಹುಳಿ, ಅಂದರೆ ಆಮ್ಲೀಯ ವಾತಾವರಣ. ಹುಳಿ ತಾಕಿದ ಕೂಡಲೇ ರಿಸೆಪ್ಟರ್ ಮಡಚಿಕೊಂಡು ಎಲ್‌ಡಿಎಲ್ ಅನ್ನು ಕೈಬಿಡುತ್ತದೆ. ಎಲ್‌ಡಿಎಲ್ ಮುಂದೆ ಲೈಸೋಸೋಮ್ ಎಂಬ ಜೀರ್ಣಾಗಾರಕ್ಕೆ ಹೋಗಿ ಒಡೆಯುತ್ತದೆ. ರಿಸೆಪ್ಟರ್ ಖಾಲಿ ಕೈಯಲ್ಲಿ ವಾಪಸ್ ಮೇಲ್ಮೈಗೆ ಬರುತ್ತದೆ. ಮತ್ತೆ ಹೊಸ ಪ್ರಯಾಣಿಕ.

ಬೆಂಗಳೂರಿನವರಿಗೆ ಬಿಎಂಟಿಸಿ ಬಸ್ಸಿನ ಟ್ರಿಪ್ ನೆನೆದರೆ ಸಾಕು. ಸ್ಟಾಪಿನಲ್ಲಿ ಜನ ಹತ್ತಿಸಿಕೊಂಡು, ಮೆಜೆಸ್ಟಿಕ್‌ನಲ್ಲಿ ಇಳಿಸಿ, ಮತ್ತೆ ಅದೇ ರೂಟಿನಲ್ಲಿ ವಾಪಸ್. ಎಲ್‌ಡಿಎಲ್ ರಿಸೆಪ್ಟರ್‌ಗೆ ಒಂದು ಟ್ರಿಪ್ಪಿಗೆ ಸುಮಾರು 10 ನಿಮಿಷ, ಆಯಸ್ಸು ಸುಮಾರು 20 ಗಂಟೆ. ನೀವೇ ಗುಣಿಸಿ ನೋಡಿ: ಒಂದೊಂದು ರಿಸೆಪ್ಟರ್ ನೂರಕ್ಕೂ ಹೆಚ್ಚು ಟ್ರಿಪ್ ಹೊಡೆಯುತ್ತದೆ. ಬಸ್ಸುಗಳ ಸಂಖ್ಯೆ ಕಡಿಮೆಯಾದರೆ ಏನಾಗುತ್ತದೆ? ಸ್ಟಾಪಿನಲ್ಲಿ ಜನ ಜಾಸ್ತಿಯಾಗುತ್ತಾರೆ. ಇಲ್ಲಿ ಸ್ಟಾಪ್ ಅಂದರೆ ನಮ್ಮ ರಕ್ತನಾಳ. ಅಲ್ಲಿ ಕಾದು ನಿಂತ ಎಲ್‌ಡಿಎಲ್ ಸುಮ್ಮನಿರುವುದಿಲ್ಲ. ವರ್ಷಗಟ್ಟಲೆ ನಾಳದ ಗೋಡೆಯೊಳಗೆ ಇಳಿಯುತ್ತಾ ಹೋಗುತ್ತದೆ.

ಸೊಳ್ಳೆಯ ಮೊಟ್ಟೆಯಿಂದ ಡಲ್ಲಾಸ್‌ವರೆಗೆ

ಇಷ್ಟೆಲ್ಲ ಗೊತ್ತಾಗಿದ್ದು ಹೇಗೆ? ಹೃದ್ರೋಗಕ್ಕೆ ಮದ್ದು ಹುಡುಕಲು ಹೊರಟವರಿಂದ ಮಾತ್ರ ಅಲ್ಲ. 1964ರಲ್ಲಿ ಥಾಮಸ್ ರಾತ್ ಮತ್ತು ಕೀತ್ ಪೋರ್ಟರ್ ಎಂಬ ಇಬ್ಬರು ವಿಜ್ಞಾನಿಗಳು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಅಡಿಯಲ್ಲಿ ನೋಡುತ್ತಿದ್ದದ್ದು ಈಡಿಸ್ ಈಜಿಪ್ಟೈ ಸೊಳ್ಳೆಯ ಮೊಟ್ಟೆಯ ಕೋಶವನ್ನು. ಹೌದು, ನಮಗೆ ಡೆಂಗಿ ತರುವ ಅದೇ ಸೊಳ್ಳೆ. ರಕ್ತ ಕುಡಿದ ಮೇಲೆ ಮೊಟ್ಟೆ ತನ್ನೊಳಗೆ ಪೌಷ್ಟಿಕ ಪ್ರೋಟೀನ್ ಎಳೆದುಕೊಳ್ಳುವಾಗ ಪೊರೆಯ ಮೇಲೆ ಲೇಪನವಿರುವ ಗುಳಿಗಳು ಏಳುವುದನ್ನು ಅವರು ಕಂಡರು. ಒಂದು ತಮಾಷೆ ನೋಡಿ: ಡೆಂಗಿ ವೈರಸ್ ನಮ್ಮ ಜೀವಕೋಶದೊಳಗೆ ನುಗ್ಗಲು ಬಳಸುವುದೂ ಇದೇ ಕ್ಲಾಥ್ರಿನ್ ಬಾಗಿಲನ್ನು ಎಂದು ದಶಕಗಳ ನಂತರ ತಿಳಿಯಿತು.

ಕ್ಲಾಥ್ರಿನ್ ಅನ್ನು ಹಂದಿಯ ಮೆದುಳಿನಿಂದ ಬೇರ್ಪಡಿಸಿ ಹೆಸರಿಟ್ಟವರು ಕೇಂಬ್ರಿಜ್‌ನ ಬಾರ್ಬರಾ ಪಿಯರ್ಸ್, 1970ರ ದಶಕದ ಮಧ್ಯಭಾಗದಲ್ಲಿ. ಡೈನಮಿನ್ ಕೆಲಸ ಏನೆಂದು ತಿಳಿಸಿದ್ದು ಬಾಳೆಹಣ್ಣಿನ ಮೇಲೆ ಕೂರುವ ನೊಣ. 'ಶಿಬಿರೆ' ಎಂಬ ಒಂದು ತಳಿಯ ನೊಣಗಳು ಬಿಸಿ ಸ್ವಲ್ಪ ಏರಿದರೆ ದಬಕ್ಕನೆ ಬಿದ್ದು ಪಾರ್ಶ್ವವಾಯು ಬಡಿದಂತಾಗುತ್ತವೆ, ತಣ್ಣಗಾದರೆ ಎದ್ದು ಹಾರುತ್ತವೆ. ಅವುಗಳ ನರಕೋಶಗಳಲ್ಲಿ ಗುಳಿಗಳು ಕತ್ತರಿಸಿಕೊಳ್ಳಲಾಗದೆ ಅರ್ಧಕ್ಕೆ ನಿಂತಿರುತ್ತಿದ್ದವು. ಶಿಬಿರೆ ಜೀನ್ ತಯಾರಿಸುವುದು ಡೈನಮಿನ್ ಅನ್ನೇ ಎಂದು 1991ರಲ್ಲಿ ಸ್ಪಷ್ಟವಾಯಿತು.

ಹೃದಯದ ಕಡೆಯಿಂದ ಬಂದವರು ಅಮೆರಿಕದ ಡಲ್ಲಾಸ್‌ನ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್. ಅವರ ಮುಂದಿದ್ದದ್ದು ಫ್ಯಾಮಿಲಿಯಲ್ ಹೈಪರ್‌ಕೊಲೆಸ್ಟರೊಲೀಮಿಯಾ ಎಂಬ ಕಾಯಿಲೆ. ಉದ್ದದ ಹೆಸರು, ಎಫ್‌ಎಚ್ ಅನ್ನೋಣ. ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಪಡೆದ ಮಕ್ಕಳಿಗೆ ಹತ್ತು ಹನ್ನೆರಡರ ಪ್ರಾಯದಲ್ಲೇ ಹೃದಯಾಘಾತವಾಗಬಹುದು. ಆ ಮಕ್ಕಳು ಬೋಂಡಾ ತಿಂದು ಕೆಟ್ಟವರಲ್ಲ. ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅಂಥವರ ಚರ್ಮದ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಆರೋಗ್ಯವಂತರ ಕೋಶಗಳ ಜತೆ ಹೋಲಿಸಿದರು. ಆರೋಗ್ಯವಂತರ ಕೋಶ ಎಲ್‌ಡಿಎಲ್ ಹಿಡಿದು ಒಳಗೆ ಎಳೆದುಕೊಂಡಿತು; ಇವರದ್ದು ಹಿಡಿಯಲೇ ಇಲ್ಲ. 1970ರ ದಶಕದ ಆರಂಭದ ಈ ಪ್ರಯೋಗಗಳಿಂದಲೇ ಎಲ್‌ಡಿಎಲ್ ರಿಸೆಪ್ಟರ್ ಪತ್ತೆಯಾದದ್ದು.

ಆಮೇಲೆ ಸಿಕ್ಕಿದ ಒಬ್ಬ ರೋಗಿ, ವಿಜ್ಞಾನದ ಬರಹಗಳಲ್ಲಿ ಜೆ.ಡಿ. ಎಂಬ ಇನಿಷಿಯಲ್‌ನಿಂದ ಮಾತ್ರ ಪರಿಚಿತ, ಇಡೀ ಕತೆಗೆ ತಿರುವು ಕೊಟ್ಟ. ಅವನ ಕೋಶಗಳಲ್ಲಿ ರಿಸೆಪ್ಟರ್ ಇತ್ತು, ಎಲ್‌ಡಿಎಲ್ ಅನ್ನು ಸರಿಯಾಗಿಯೇ ಹಿಡಿಯುತ್ತಿತ್ತು. ಆದರೆ ಒಳಗೆ ಹೋಗುತ್ತಿರಲಿಲ್ಲ. ಬಸ್ಸಿದೆ, ಜನ ಹತ್ತಿದ್ದಾರೆ, ಗಾಡಿ ಹೊರಡುತ್ತಿಲ್ಲ. ಬಾಲದಲ್ಲಿ, 807ನೇ ಜಾಗದಲ್ಲಿ, ಟೈರೋಸಿನ್ ಇರಬೇಕಿದ್ದ ಕಡೆ ಸಿಸ್ಟೀನ್ ಇತ್ತು. 839ರಲ್ಲಿ ಒಂದೇ ಒಂದು ಅಕ್ಷರ ದೋಷ. ಹಿಡಿಯುವುದು ಬೇರೆ, ಒಳಗೆಳೆದುಕೊಳ್ಳುವುದು ಬೇರೆ ಎಂದು ಇದರಿಂದ ಖಚಿತವಾಯಿತು. 1985ರ ವೈದ್ಯಕೀಯ ನೊಬೆಲ್ ಇಬ್ಬರಿಗೂ ಬಂತು.

ಅದಕ್ಕೂ ಒಂದು ವರ್ಷ ಮೊದಲು, 1984ರಲ್ಲಿ, ಟೆಕ್ಸಾಸ್‌ನ ಸ್ಟಾರ್ಮಿ ಜೋನ್ಸ್ ಎಂಬ ಆರು ವರ್ಷದ ಹುಡುಗಿಗೆ ಪಿಟ್ಸ್‌ಬರ್ಗ್‌ನಲ್ಲಿ ಹೃದಯದ ಜತೆಗೆ ಲಿವರನ್ನೂ ಕಸಿ ಮಾಡಿದರು. ಹೃದಯ ಕೆಟ್ಟಿತ್ತು, ಅದನ್ನು ಬದಲಿಸಿದ್ದು ಸರಿ. ಲಿವರ್ ಯಾಕೆ? ಅವಳ ಲಿವರ್‌ನಲ್ಲಿ ಕೆಲಸ ಮಾಡುವ ಎಲ್‌ಡಿಎಲ್ ರಿಸೆಪ್ಟರ್‌ಗಳಿರಲಿಲ್ಲ. ಹೊಸ ಲಿವರ್ ಬಂದ ಮೇಲೆ ಎಲ್‌ಡಿಎಲ್ ಶೇ. 80ರ ಆಸುಪಾಸು ಕುಸಿಯಿತು. ಪೈಪ್ ಇರುವುದು ಲಿವರ್‌ನಲ್ಲಿ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಆ ಮಗು ಇನ್ನೂ ಆರು ವರ್ಷ ಬದುಕಿತು.

ಖಳನಾಯಕ ಸಿಕ್ಕಿದ್ದು ಹೀಗೆ

ಕೆಲವು ಕುಟುಂಬಗಳಲ್ಲಿ ಮಾತ್ರ ಲೆಕ್ಕ ಕೂಡುತ್ತಿರಲಿಲ್ಲ. ಎಫ್‌ಎಚ್ ಲಕ್ಷಣಗಳೆಲ್ಲ ಇವೆ, ರಿಸೆಪ್ಟರ್ ಜೀನ್ ಮಾತ್ರ ನೆಟ್ಟಗಿದೆ. 2003ರಲ್ಲಿ ಪ್ಯಾರಿಸ್‌ನ ಕ್ಯಾಥರೀನ್ ಬೋಯ್ಲೋ, ಮರಿಯಾನ್ ಅಬಿಫಾದೆಲ್ ಅವರ ತಂಡ, ಮಾಂಟ್ರಿಯಲ್‌ನ ನಬಿಲ್ ಸೈದಾ ಅವರ ಜತೆಗೂಡಿ, ಫ್ರೆಂಚ್ ಕುಟುಂಬಗಳಲ್ಲಿ ಕಾರಣ ಪತ್ತೆ ಮಾಡಿತು: ಪಿಸಿಎಸ್‌ಕೆ9 ಜೀನ್‌ನಲ್ಲಿ ಬದಲಾವಣೆ. ಆ ಬದಲಾವಣೆಯಿಂದ ಪ್ರೋಟೀನ್ ಅತಿಯಾಗಿ ಕೆಲಸ ಮಾಡುತ್ತಿತ್ತು.

ಹಾಗಾದರೆ ಅದು ಕೆಲಸವನ್ನೇ ಮಾಡದಿದ್ದರೆ? ಉತ್ತರ ಮತ್ತೆ ಡಲ್ಲಾಸ್‌ನಿಂದ ಬಂತು. ಹೆಲೆನ್ ಹಾಬ್ಸ್ ಮತ್ತು ಜೊನಾಥನ್ ಕೋಹೆನ್, ಎಲ್‌ಡಿಎಲ್ ತೀರಾ ಕಡಿಮೆಯಿದ್ದವರಲ್ಲಿ ಈ ಜೀನ್ ಹುಡುಕಿದರು. 2006ರಲ್ಲಿ ಅವರು ಪ್ರಕಟಿಸಿದ ಲೆಕ್ಕ ಇದು: 3,363 ಕಪ್ಪು ಅಮೆರಿಕನ್ನರಲ್ಲಿ ಶೇ. 2.6ರಷ್ಟು ಜನರಲ್ಲಿ ಈ ಜೀನ್‌ನ ಒಂದು ಪ್ರತಿ ನಿಷ್ಕ್ರಿಯವಾಗಿತ್ತು. ಅವರ ಎಲ್‌ಡಿಎಲ್ ಉಳಿದವರಿಗಿಂತ ಶೇ. 28 ಕಡಿಮೆ. 15 ವರ್ಷಗಳಲ್ಲಿ ಹೃದಯದ ರಕ್ತನಾಳದ ಕಾಯಿಲೆ ಶೇ. 88 ಕಡಿಮೆ. ಎರಡೂ ಪ್ರತಿ ಕೆಟ್ಟಿದ್ದ ಒಬ್ಬ ಮಹಿಳೆಯ ಎಲ್‌ಡಿಎಲ್ ಕೇವಲ 14, ಆಕೆ ಆರೋಗ್ಯವಾಗಿದ್ದರು.

28 ಮತ್ತು 88. ಈ ಎರಡು ಸಂಖ್ಯೆಗಳ ನಡುವಿನ ಅಂತರ ಗಮನಿಸಿ. ಎಲ್‌ಡಿಎಲ್ ಇಳಿಕೆ ಚಿಕ್ಕದು, ಲಾಭ ದೊಡ್ಡದು. ಯಾಕಂದರೆ ಅವರದ್ದು ಹುಟ್ಟಿನಿಂದಲೇ ಕಡಿಮೆ. ರಕ್ತನಾಳದ ಮಟ್ಟಿಗೆ ಎಲ್‌ಡಿಎಲ್ ಎಷ್ಟು ಎಂಬುದರ ಜತೆಗೆ ಎಷ್ಟು ವರ್ಷ ಎಂಬುದೂ ಗುಣಾಕಾರದಲ್ಲಿ ಸೇರುತ್ತದೆ. ಕಡಿಮೆ ವಯಸ್ಸಿನಲ್ಲೇ ಪತ್ತೆ ಮಾಡಬೇಕು ಅನ್ನುವ ವಾದದ ಬೇರು ಇಲ್ಲಿದೆ.

ಶೀಶೆಯೊಳಗಿನ ಪುಡಿ ಏನು ಹೇಳಿತು?

ಜೀನ್ ಸಿಕ್ಕಿತು, ಸರಿ. ಆದರೆ ಪಿಸಿಎಸ್‌ಕೆ9 ರಿಸೆಪ್ಟರ್‌ಗೆ ಮಾಡುವುದೇನು? ಜೀವಕೋಶದ ಒಳಗಿಂದ ಕೆಲಸ ಮಾಡುತ್ತದೋ, ಹೊರಗಿಂದಲೋ? ಇದಕ್ಕೆ ಶುದ್ಧವಾದ ಪ್ರೋಟೀನ್ ಬೇಕು. ರಕ್ತದಿಂದ ತೆಗೆಯೋಣ ಅಂದರೆ ಅಲ್ಲಿರುವುದು ಒಂದು ಮಿಲಿಲೀಟರ್‌ಗೆ ನ್ಯಾನೋಗ್ರಾಂಗಳ ಲೆಕ್ಕದಲ್ಲಿ. ಅದಕ್ಕೇ ರಿಕಾಂಬಿನೆಂಟ್ ವಿಧಾನ: ಮನುಷ್ಯನ ಪಿಸಿಎಸ್‌ಕೆ9 ಜೀನ್ ಅನ್ನು ಲ್ಯಾಬಿನಲ್ಲಿ ಬೆಳೆಯುವ ಕೋಶಗಳಿಗೆ ತುರುಕಿ, ಅವುಗಳಿಂದ ಪ್ರೋಟೀನ್ ಮಾಡಿಸಿಕೊಳ್ಳುವುದು.

ಇನ್ಸುಲಿನ್ ಕೂಡ ಹೀಗೇ ತಯಾರಾಗುವುದು, ಬ್ಯಾಕ್ಟೀರಿಯಾ ಅಥವಾ ಯೀಸ್ಟ್‌ನಲ್ಲಿ. ಬೆಂಗಳೂರಿನ ಬಯೋಕಾನ್ 2004ರಲ್ಲಿ ತಂದ ಇನ್ಸುಲಿನ್ ಪಿಕಿಯಾ ಎಂಬ ಯೀಸ್ಟ್‌ನಿಂದ ಬಂದದ್ದು. ಪಿಸಿಎಸ್‌ಕೆ9 ವಿಷಯ ಅಷ್ಟು ಸಲೀಸಲ್ಲ. 692 ಅಮೈನೋ ಆಮ್ಲಗಳ ಈ ಸರಪಳಿ ಹುಟ್ಟಿದ ಮೇಲೆ ತನ್ನನ್ನು ತಾನೇ ಒಂದು ಕಡೆ ಕತ್ತರಿಸಿಕೊಳ್ಳುತ್ತದೆ. ಕತ್ತರಿಸಿದ ತುಂಡು ಬಿದ್ದುಹೋಗುವುದಿಲ್ಲ, ಅಂಟಿಕೊಂಡೇ ಇರುತ್ತದೆ. ಗಂಧಕದ ಸೇತುವೆಗಳು, ಸಕ್ಕರೆಯ ಕುಚ್ಚು ಎಲ್ಲವೂ ಸರಿಯಾದ ಜಾಗದಲ್ಲಿ ಕೂರಬೇಕು. ಹಾಗಾಗಿ ಸಾಮಾನ್ಯವಾಗಿ ಮನುಷ್ಯನ ಮೂತ್ರಪಿಂಡದ ಮೂಲದ ಎಚ್‌ಇಕೆ 293 ಕೋಶಗಳಲ್ಲೇ ಮಾಡಿಸುತ್ತಾರೆ. ಪ್ರೋಟೀನಿನ ತುದಿಗೆ ಹಿಸ್ಟಿಡೀನ್‌ನ ಪುಟ್ಟ ಬಾಲಂಗೋಚಿ ಕಟ್ಟಿರುತ್ತಾರೆ; ನಿಕ್ಕಲ್ ತುಂಬಿದ ಕೊಳವೆಯಲ್ಲಿ ಹರಿಸಿದಾಗ ಆ ಬಾಲಂಗೋಚಿ ಅಂಟಿಕೊಳ್ಳುತ್ತದೆ, ಉಳಿದ ಕಸ ತೊಳೆದುಹೋಗುತ್ತದೆ.

ಈ ಶುದ್ಧ ಪ್ರೋಟೀನನ್ನು ಲಿವರ್ ಮೂಲದ ಹೆಪ್‌ಜಿ2 ಕೋಶಗಳ ಮೇಲೆ ಹಾಕಿ ನೋಡುತ್ತಾರೆ. ಕೆಲವು ಗಂಟೆಗಳಲ್ಲಿ ಮೇಲ್ಮೈ ಮೇಲಿನ ಎಲ್‌ಡಿಎಲ್ ರಿಸೆಪ್ಟರ್‌ಗಳು ಕಡಿಮೆಯಾಗುತ್ತವೆ. ಹೊರಗಿಂದ ಹಾಕಿದರೂ ಸಾಕು ಎಂದಾಯಿತು. ಎಲ್ಲಿ ಹೋದವು? ಇಲ್ಲಿ ಒಂದು ಸರಳ ಜಾಣತನವಿದೆ. 4 ಡಿಗ್ರಿ ತಣ್ಣಗಿಟ್ಟರೆ ಪ್ರೋಟೀನ್ ಅಂಟಿಕೊಳ್ಳುತ್ತದೆ, ಆದರೆ ಎಂಡೋಸೈಟೋಸಿಸ್ ನಿಂತಿರುತ್ತದೆ. 37 ಡಿಗ್ರಿಗೆ ತಂದ ಕೂಡಲೇ ಗುಳಿಗಳು ಚಾಲೂ. ಅಂಟುವುದನ್ನೂ ಒಳಹೋಗುವುದನ್ನೂ ಹೀಗೆ ಬೇರೆ ಬೇರೆ ಅಳೆಯಬಹುದು. ಲೈಸೋಸೋಮ್‌ನ ಆಮ್ಲವನ್ನು ಕುಂದಿಸುವ ರಾಸಾಯನಿಕ ಹಾಕಿದರೆ ರಿಸೆಪ್ಟರ್‌ಗಳು ನಾಶವಾಗದೆ ಉಳಿಯುತ್ತವೆ. ಅಂದರೆ ನಾಶವಾಗುತ್ತಿದ್ದದ್ದು ಲೈಸೋಸೋಮ್‌ನಲ್ಲಿ.

ಹೀಗೆ ಒಂದೊಂದೇ ತುಂಡು ಸೇರಿಸಿದಾಗ ಸಿಕ್ಕ ಚಿತ್ರ: ಪಿಸಿಎಸ್‌ಕೆ9 ಬಂದು ರಿಸೆಪ್ಟರ್‌ನ ಒಂದು ಭಾಗಕ್ಕೆ ಅಂಟುತ್ತದೆ. ಇಬ್ಬರೂ ಒಟ್ಟಿಗೆ ಒಳಗೆ ಹೋಗುತ್ತಾರೆ. ಎಂಡೋಸೋಮ್‌ನ ಹುಳಿಯಲ್ಲಿ ಎಲ್‌ಡಿಎಲ್ ಕೈಬಿಡುತ್ತದೆ, ಪಿಸಿಎಸ್‌ಕೆ9 ಮಾತ್ರ ಉಲ್ಟಾ: ಹುಳಿ ಹೆಚ್ಚಿದಷ್ಟೂ ಹಿಡಿತ ಬಿಗಿ. ರಿಸೆಪ್ಟರ್ ಮಡಚಿಕೊಳ್ಳಲಾರದೆ, ವಾಪಸ್ ಬರಲಾರದೆ, ಲೈಸೋಸೋಮ್ ಸೇರುತ್ತದೆ. ನೂರು ಟ್ರಿಪ್ ಹೊಡೆಯಬೇಕಿದ್ದ ಬಸ್ಸು ಡಿಪೋದಿಂದ ಸೀದಾ ಗುಜರಿಗೆ.

ಈ ಪ್ರಯೋಗಗಳಲ್ಲಿ ಒಂದರ ಫಲಿತಾಂಶ ಕೋಟ್ಯಂತರ ರೂಪಾಯಿಯ ತೀರ್ಮಾನ ಬದಲಿಸುವಂಥದ್ದು. ಪಿಸಿಎಸ್‌ಕೆ9 ಹುಟ್ಟಿದ್ದು ಪ್ರೋಟೀನ್ ಕತ್ತರಿಸುವ ಕಿಣ್ವಗಳ ಕುಟುಂಬದಲ್ಲಿ. ಹಾಗಾಗಿ ಅದು ರಿಸೆಪ್ಟರನ್ನು ಕತ್ತರಿಸುತ್ತಿದೆ ಅಂತ ಊಹಿಸುವುದು ಸಹಜ. ಹಾಗಿದ್ದರೆ ಆ ಕತ್ತರಿಯನ್ನು ಜಾಮ್ ಮಾಡುವ ಮಾತ್ರೆ ಹುಡುಕಬೇಕಿತ್ತು. ಆದರೆ 2007ರಲ್ಲಿ ಡಲ್ಲಾಸ್‌ನ ಜೇ ಹಾರ್ಟನ್ ಅವರ ಲ್ಯಾಬು ಕತ್ತರಿಸುವ ಶಕ್ತಿಯನ್ನೇ ತೆಗೆದುಹಾಕಿದ ಪಿಸಿಎಸ್‌ಕೆ9 ತಯಾರಿಸಿ ಹೆಪ್‌ಜಿ2 ಕೋಶಗಳ ಮೇಲೆ ಹಾಕಿತು. ರಿಸೆಪ್ಟರ್‌ಗಳು ಆಗಲೂ ಕಡಿಮೆಯಾದವು! ಅಂದರೆ ಕತ್ತರಿಗೆ ಇಲ್ಲಿ ಕೆಲಸವೇ ಇಲ್ಲ. ಅಂಟಿಕೊಳ್ಳುವುದೇ ಅದರ ಆಯುಧ. ತಡೆಯಬೇಕಾದದ್ದು ಆ ಅಂಟನ್ನು.

ಶೀಶೆಯ ಪುಡಿಯನ್ನು ದೇವರ ಪ್ರಸಾದದಂತೆ ನಂಬುವಂತಿಲ್ಲ ಅನ್ನುವುದನ್ನೂ ಹೇಳಬೇಕು. ಲ್ಯಾಬಿನಲ್ಲಿ ಹಾಕುವ ಪ್ರಮಾಣ ಹಲವು ಸಲ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಲಿವರ್ ಕೋಶದಲ್ಲಿ ಕಂಡ ಪರಿಣಾಮ ಚರ್ಮದ ಕೋಶದಲ್ಲಿ ಅಷ್ಟಾಗಿ ಕಾಣುವುದಿಲ್ಲ. ಅದಕ್ಕೇ ಒಳ್ಳೆಯ ಲ್ಯಾಬುಗಳು ಹೋಲಿಕೆಗೆ ಬೇರೆ ಬೇರೆ ತಳಿಯ ಪಿಸಿಎಸ್‌ಕೆ9 ಇಟ್ಟುಕೊಳ್ಳುತ್ತವೆ. ಉದಾಹರಣೆಗೆ, 374ನೇ ಜಾಗದಲ್ಲಿ ಆಸ್ಪಾರ್ಟಿಕ್ ಆಮ್ಲದ ಬದಲು ಟೈರೋಸಿನ್ ಇರುವ ತಳಿ. ಮನುಷ್ಯರಲ್ಲೇ ಪತ್ತೆಯಾದ ಇದು ರಿಸೆಪ್ಟರ್‌ಗೆ ಹಲವು ಪಟ್ಟು ಗಟ್ಟಿಯಾಗಿ ಅಂಟುತ್ತದೆ. ಇದನ್ನು ಹೊತ್ತ ಕುಟುಂಬಗಳಲ್ಲಿ ಎಫ್‌ಎಚ್ ತೀವ್ರ. ತಟ್ಟೆಯಲ್ಲಿ ಕಂಡದ್ದು ಮನೆಯಲ್ಲಿ ಕಂಡದ್ದಕ್ಕೆ ತಾಳೆಯಾದರೆ ಮಾತ್ರ ನಂಬಿಕೆ.

ಆಕ್ಸಿಲರೇಟರ್ ಜತೆಗೇ ಬ್ರೇಕ್

ಇಂಜಿನಿಯರಿಂಗ್ ಓದುವಾಗ ಕಂಟ್ರೋಲ್ ಸಿಸ್ಟಮ್ಸ್ ಪೇಪರಿನಲ್ಲಿ ಫೀಡ್‌ಬ್ಯಾಕ್ ಲೂಪ್ ಬರೆದು ಬರೆದು ಬೇಜಾರಾಗಿದ್ದ ನನ್ನಂಥವರಿಗೆ ಈ ಕತೆಯ ಮುಂದಿನ ಭಾಗ ಬಹಳ ಇಷ್ಟವಾಗುತ್ತದೆ. ಸ್ಟ್ಯಾಟಿನ್ ಮಾತ್ರೆಗಳು ನಿಮಗೆ ಗೊತ್ತು. ಜಪಾನಿನ ಅಕಿರಾ ಎಂಡೋ 1970ರ ದಶಕದಲ್ಲಿ ಬೂಷ್ಟಿನಿಂದ ಮೊದಲ ಸ್ಟ್ಯಾಟಿನ್ ಹೊರತೆಗೆದರು. ಅವು ಲಿವರ್ ತಾನೇ ಕೊಲೆಸ್ಟರಾಲ್ ತಯಾರಿಸುವುದನ್ನು ತಡೆಯುತ್ತವೆ. ಒಳಗೆ ಕೊರತೆ ಕಂಡ ಲಿವರ್ ಕೋಶ, ರಕ್ತದಿಂದ ತಂದುಕೊಳ್ಳಲು ಹೆಚ್ಚು ರಿಸೆಪ್ಟರ್ ಕಟ್ಟುತ್ತದೆ. ಎಲ್‌ಡಿಎಲ್ ಇಳಿಯುತ್ತದೆ.

ಆದರೆ ರಿಸೆಪ್ಟರ್ ಹೆಚ್ಚು ಮಾಡು ಅನ್ನುವ ಅದೇ ಆದೇಶ ಪಿಸಿಎಸ್‌ಕೆ9 ಅನ್ನೂ ಹೆಚ್ಚು ಮಾಡು ಅನ್ನುತ್ತದೆ. ಹೊಸ ಬಸ್ಸು ಬಿಡುತ್ತಲೇ ಗುಜರಿಯವನನ್ನೂ ಕರೆಸಿದಂತೆ. ಸ್ಟ್ಯಾಟಿನ್ ಡೋಸ್ ದುಪ್ಪಟ್ಟು ಮಾಡಿದರೂ ಎಲ್‌ಡಿಎಲ್ ಹೆಚ್ಚುವರಿಯಾಗಿ ಇಳಿಯುವುದು ಶೇ. 6ರಷ್ಟೇ ಎಂದು ವೈದ್ಯರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಅದಕ್ಕೊಂದು ಕಾರಣ ಇದು.

ಗುಜರಿಯವನನ್ನೇ ತಡೆದರೆ? 2015ರಲ್ಲಿ ಅಮೆರಿಕದಲ್ಲಿ ಎರಡು ಔಷಧಿಗಳಿಗೆ ಅನುಮತಿ ಸಿಕ್ಕಿತು: ಅಲಿರೊಕ್ಯುಮಾಬ್ ಮತ್ತು ಇವೊಲೊಕ್ಯುಮಾಬ್. ಎರಡೂ ಪಿಸಿಎಸ್‌ಕೆ9ಗೆ ಅಂಟಿಕೊಂಡು, ಅದು ರಿಸೆಪ್ಟರ್‌ಗೆ ಅಂಟದಂತೆ ತಡೆಯುವ ಪ್ರತಿಕಾಯಗಳು. 2007ರ ತಟ್ಟೆ ಪ್ರಯೋಗ ಹೇಳಿದ್ದ ದಾರಿಯೇ ಇದು. 27,564 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಫೋರಿಯರ್ ಪ್ರಯೋಗದಲ್ಲಿ, ಆಗಲೇ ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿದ್ದವರ ಎಲ್‌ಡಿಎಲ್ 92ರಿಂದ 30ಕ್ಕೆ ಇಳಿಯಿತು. ಹೃದಯಾಘಾತ, ಪಾರ್ಶ್ವವಾಯು ಮುಂತಾದವು ಒಟ್ಟಾರೆ ಶೇ. 15 ಕಡಿಮೆಯಾದವು. ಆ ಎರಡು ಚಿಲ್ಲರೆ ವರ್ಷಗಳಲ್ಲಿ ಸಾವಿನ ಲೆಕ್ಕದಲ್ಲಿ ಮಾತ್ರ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ; ಅದನ್ನೂ ಹೇಳದಿದ್ದರೆ ಜಾಹೀರಾತು ಬರೆದಂತಾಗುತ್ತದೆ. ಆಮೇಲೆ ಬಂದ ಇನ್‌ಕ್ಲಿಸಿರಾನ್, ಲಿವರ್‌ನಲ್ಲಿ ಪಿಸಿಎಸ್‌ಕೆ9 ತಯಾರಾಗುವುದನ್ನೇ ತಡೆಯುತ್ತದೆ. ಆರಂಭದ ಡೋಸ್‌ಗಳ ನಂತರ ಆರು ತಿಂಗಳಿಗೊಂದು ಚುಚ್ಚುಮದ್ದು ಸಾಕು.

ಬೆಲೆ? ಮೊದಲ ಎರಡು ಔಷಧಿಗಳು ಅಮೆರಿಕದ ಮಾರುಕಟ್ಟೆಗೆ ಬಂದಾಗ ವರ್ಷಕ್ಕೆ 14,000 ಡಾಲರ್‌ಗೂ ಹೆಚ್ಚು. ವಿಮಾ ಕಂಪನಿಗಳೇ ಕೈಚೆಲ್ಲಿದ ಮೇಲೆ 6,000 ಡಾಲರ್‌ಗಿಂತ ಕೆಳಕ್ಕೆ ಇಳಿಯಿತು. ಅಷ್ಟಾದರೂ ನಮ್ಮ ಬಹುಪಾಲು ಮನೆಗಳ ಕೈಗೆ ನಿಲುಕುವ ಮಾತಲ್ಲ.

ನಮಗೂ ಇದಕ್ಕೂ ಏನು ಸಂಬಂಧ?

2025ರ ಮೇ, ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಸಾಲು ಸಾಲು ಹೃದಯಾಘಾತದ ಸಾವಿನ ಸುದ್ದಿ ಬಂದಾಗ ರಾಜ್ಯವೇ ಗಾಬರಿಯಾಯಿತು. ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಮುಗಿಬಿದ್ದರು. ಸರ್ಕಾರ ತಜ್ಞರ ಸಮಿತಿ ಮಾಡಿತು. ಕೋವಿಡ್ ಲಸಿಕೆಗೂ ಇದಕ್ಕೂ ಸಂಬಂಧವಿಲ್ಲ ಎಂದು ಸಮಿತಿ ಹೇಳಿತು. ಆ ಸಾವುಗಳಿಗೆ ಎಫ್‌ಎಚ್ ಕಾರಣ ಅಂತ ನಾನು ಹೇಳುತ್ತಿಲ್ಲ. ಸಕ್ಕರೆ ಕಾಯಿಲೆ, ಬಿಪಿ, ಸಿಗರೇಟು ದೊಡ್ಡ ಕಾರಣಗಳು, ಆ ಬಗ್ಗೆ ಅನುಮಾನ ಬೇಡ. ನನ್ನ ಮಾತು ಆ ಗಾಬರಿಯ ನಂತರ ನಾವು ಏನು ಮಾಡಿದೆವು ಅನ್ನುವುದರ ಬಗ್ಗೆ. ಒಂದು ಇಸಿಜಿ ತೆಗೆಸಿ, ನಾರ್ಮಲ್ ಅಂದ ಮೇಲೆ ಸುಮ್ಮನಾದವರೇ ಹೆಚ್ಚು. ಇಸಿಜಿ ಆ ಹೊತ್ತಿನ ಹೃದಯದ ಬಗ್ಗೆ ಹೇಳುತ್ತದೆ. ಮುಂದಿನ 20 ವರ್ಷಗಳ ರಕ್ತನಾಳದ ಬಗ್ಗೆ ಹೇಳುವುದು ಎಲ್‌ಡಿಎಲ್.

ಒಂದೇ ಪ್ರತಿ ಕೆಟ್ಟಿರುವ ಎಫ್‌ಎಚ್, ಜಗತ್ತಿನ ಹಲವು ದೇಶಗಳ ಲೆಕ್ಕ ಸೇರಿಸಿದರೆ, ಸುಮಾರು 300 ಜನರಲ್ಲಿ ಒಬ್ಬರಿಗಿದೆ. ಅದೇ ಪ್ರಮಾಣ ಇಲ್ಲೂ ಇದ್ದರೆ 140 ಕೋಟಿ ಜನರಲ್ಲಿ 46 ಲಕ್ಷದಷ್ಟು. ಬಹುಪಾಲು ಮಂದಿಗೆ ಅದು ಗೊತ್ತಿಲ್ಲ. ಗೊತ್ತಾಗುವುದು ಮೊದಲ ಹೃದಯಾಘಾತದ ದಿನ.

ಸಂಶಯಪಡಬೇಕಾದ್ದು ಯಾವಾಗ? ವಯಸ್ಕರಲ್ಲಿ ಎಲ್‌ಡಿಎಲ್ 190 ಅಥವಾ ಅದಕ್ಕಿಂತ ಹೆಚ್ಚಿದ್ದರೆ. ಮನೆಯ ಗಂಡಸರಿಗೆ 55ಕ್ಕಿಂತ ಮೊದಲು, ಹೆಂಗಸರಿಗೆ 60ಕ್ಕಿಂತ ಮೊದಲು ಹೃದಯಾಘಾತ ಆಗಿದ್ದರೆ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ದಪ್ಪಗೆ ಗಂಟುಗಂಟಾಗಿದ್ದರೆ. ಇಂಥವರಲ್ಲಿ ಒಬ್ಬರು ಸಿಕ್ಕರೆ ಅವರ ಒಡಹುಟ್ಟಿದವರು, ಮಕ್ಕಳನ್ನೂ ಪರೀಕ್ಷಿಸಬೇಕು. ಪ್ರತಿಯೊಬ್ಬರಿಗೂ ಇರುವ ಸಾಧ್ಯತೆ ಅರ್ಧಕ್ಕರ್ಧ. ಮೊದಲ ಹೆಜ್ಜೆಗೆ ಜೀನ್ ಪರೀಕ್ಷೆ, ದುಬಾರಿ ಸ್ಕ್ಯಾನ್ ಯಾವುದೂ ಬೇಡ, ಸಾಮಾನ್ಯ ರಕ್ತಪರೀಕ್ಷೆ ಸಾಕು. ಎಫ್‌ಎಚ್ ಇರುವ ಬಹುಪಾಲು ಜನರಿಗೆ ಮೊದಲು ಬೇಕಾಗುವುದು ಜನೌಷಧಿ ಮಳಿಗೆಯಲ್ಲಿ ಅಗ್ಗಕ್ಕೆ ಸಿಗುವ ಸ್ಟ್ಯಾಟಿನ್. ದುಬಾರಿ ಚುಚ್ಚುಮದ್ದು ಆಮೇಲಿನ ಮಾತು.

ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ರಾಜ್ಯ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿದೆ. ಎದೆನೋವು ಬಂದವರಿಗೆ ತಾಲ್ಲೂಕು ಮಟ್ಟದಲ್ಲೇ ಇಸಿಜಿ, ರಕ್ತದ ಗರಣೆ ಕರಗಿಸುವ ಚುಚ್ಚುಮದ್ದು ಸಿಗಲಿ ಅನ್ನುವುದು ಉದ್ದೇಶ. ಒಳ್ಳೆಯ ಕೆಲಸ. ಅದಕ್ಕೊಂದು ಸಣ್ಣ ಸೇರ್ಪಡೆ ಸಾಧ್ಯ: 55ಕ್ಕಿಂತ ಮೊದಲು ಹೃದಯಾಘಾತವಾಗಿ ಬಂದ ಪ್ರತಿಯೊಬ್ಬರ ಮನೆಯವರಿಗೂ ಉಚಿತ ಲಿಪಿಡ್ ಪರೀಕ್ಷೆ. ಬೆಂಕಿ ಆರಿಸಲು ಹೋದವರು ಪಕ್ಕದ ಮನೆಯ ವೈರಿಂಗನ್ನೂ ಒಮ್ಮೆ ನೋಡಿ ಬರುವ ಹಾಗೆ.

ಮತ್ತೆ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ 'ಕೊಲೆಸ್ಟರಾಲ್ ಎಂಬುದೇ ಔಷಧಿ ಕಂಪನಿಗಳ ಕಟ್ಟುಕತೆ' ಎಂಬ ಮೆಸೇಜು. ಕಂಪನಿಗಳ ಬೆಲೆಯ ಬಗ್ಗೆ ಜಗಳವಾಡೋಣ, ಆಡಲೇಬೇಕು. ಆದರೆ ಪಿಸಿಎಸ್‌ಕೆ9 ಕೆಟ್ಟು ಹುಟ್ಟಿದವರು ಯಾವ ಕಂಪನಿಯ ಮಾತ್ರೆಯನ್ನೂ ನುಂಗಿರಲಿಲ್ಲ. ಹುಟ್ಟಿನಿಂದ ಎಲ್‌ಡಿಎಲ್ ಕಡಿಮೆ, ಹೃದ್ರೋಗವೂ ಕಡಿಮೆ. ಪ್ರಕೃತಿಯೇ ನಡೆಸಿದ ಈ ಪ್ರಯೋಗಕ್ಕೆ ಪ್ರಾಯೋಜಕರಿರಲಿಲ್ಲ.

ಉಪಯೋಗ ಏನು ಅಂತ ಕೇಳುವ ಮುನ್ನ

ಬೆಂಗಳೂರಿಗೆ ಈ ವಿಜ್ಞಾನ ಹೊರಗಿನದೇನಲ್ಲ. ಬಿಸಿಗೆ ಬೀಳುವ ನೊಣಗಳ ಮೇಲೆ ಅಮೆರಿಕದಲ್ಲಿ ಸೀಮರ್ ಬೆಂಜರ್ ಜತೆ ಕೆಲಸ ಮಾಡಿದ್ದ ಒಬೈದ್ ಸಿದ್ದಿಕಿ ಅವರೇ ಇಲ್ಲಿ ಎನ್‌ಸಿಬಿಎಸ್ ಕಟ್ಟಿದವರು. ಅಲ್ಲೇ ಸತ್ಯಜಿತ್ ಮೇಯರ್ ಮತ್ತು ಅವರ ವಿದ್ಯಾರ್ಥಿಗಳು, ಕ್ಲಾಥ್ರಿನ್ ಬುಟ್ಟಿಯೂ ಡೈನಮಿನ್ ಕತ್ತರಿಯೂ ಬೇಡದ ಇನ್ನೊಂದು ಒಳದಾರಿ ಜೀವಕೋಶಕ್ಕಿದೆ ಎಂದು 2002ರಲ್ಲಿ ತೋರಿಸಿದರು. 2001ರಲ್ಲಿ ಬಯೋಕಾನ್ ತಯಾರಿಸಿದ ಲೊವಾಸ್ಟ್ಯಾಟಿನ್‌ಗೆ ಅಮೆರಿಕದ ಅನುಮತಿ ಸಿಕ್ಕಿತ್ತು. ತಿಳಿವಳಿಕೆಯೂ ಇಲ್ಲಿದೆ, ತಯಾರಿಕೆಯ ಕೈಯೂ ಇಲ್ಲಿದೆ. ಹೀಗಿದ್ದೂ ಸಂಶೋಧನೆಗೆ ಬೇಕಾದ ಇಂಥ ಪ್ರೋಟೀನಿನ ಶೀಶೆಗಳಿಗೆ ನಮ್ಮ ಲ್ಯಾಬುಗಳು ಬಹುಪಾಲು ವಿದೇಶದ ಕ್ಯಾಟಲಾಗುಗಳನ್ನೇ ನೋಡಬೇಕು. ಜಿಲ್ಲಾ ಕೇಂದ್ರದ ವಿಶ್ವವಿದ್ಯಾಲಯವೊಂದರ ಪಿಎಚ್‌ಡಿ ವಿದ್ಯಾರ್ಥಿಗೆ ಒಂದು ಶೀಶೆಯ ಬೆಲೆ ಅಂದರೆ ತಿಂಗಳ ಫೆಲೋಶಿಪ್‌ನ ದೊಡ್ಡ ಭಾಗ. ದೊಡ್ಡ ದೊಡ್ಡ ಬಯೋಟೆಕ್ ನೀತಿಗಳನ್ನು ಬರೆಯುವವರು ಈ ಸಣ್ಣ ಶೀಶೆಯ ಕಡೆಗೂ ಒಮ್ಮೆ ನೋಡಬೇಕು. ಪ್ರಶ್ನೆ ಕೇಳುವ ಸಾಮಾನು ಅಗ್ಗವಾಗಿ ಸಿಗದ ಕಡೆ ಪ್ರಶ್ನೆಗಳೂ ಕಡಿಮೆಯಾಗುತ್ತವೆ.

ಸೊಳ್ಳೆಯ ಮೊಟ್ಟೆ ನೋಡುತ್ತಾ ಕೂತವರನ್ನು, ಬಿದ್ದ ನೊಣ ಎಣಿಸಿದವರನ್ನು 1960, 70ರ ದಶಕಗಳಲ್ಲಿ ಯಾರಾದರೂ 'ಇದರಿಂದ ಜನಕ್ಕೆ ಏನು ಲಾಭ' ಅಂತ ಕೇಳಿದ್ದರೆ ಅವರ ಬಳಿ ಉತ್ತರವಿರುತ್ತಿರಲಿಲ್ಲ. ಉತ್ತರ ಸಿದ್ಧವಾಗಲು 40, 50 ವರ್ಷ ಹಿಡಿಯಿತು. ಅನುದಾನದ ಅರ್ಜಿಯಲ್ಲಿ 'ಮೂರು ವರ್ಷದಲ್ಲಿ ಸಮಾಜಕ್ಕೆ ಏನು ಪ್ರಯೋಜನ' ಎಂಬ ಕಾಲಂ ತುಂಬಿಸಲು ಹೇಳುವ ವ್ಯವಸ್ಥೆಗೆ ಇದು ನೆನಪಿರಲಿ.

ಇನ್ನು ಓದುಗರಾದ ನಮ್ಮ ಪಾಲಿನ ಕೆಲಸ ಅಷ್ಟು ಕಾಯಬೇಕಾದ್ದಲ್ಲ. ಮನೆಯಲ್ಲಿ ಚಿಕ್ಕಪ್ಪನೋ ಸೋದರಮಾವನೋ ನಲವತ್ತೈದಕ್ಕೇ 'ಹಾರ್ಟ್ ಅಟ್ಯಾಕ್ ಆಗಿ ಹೋದ' ಅನ್ನುವ ಮಾತಿದ್ದರೆ ಅದನ್ನು ಹಣೆಬರಹ ಅಂತ ಮುಚ್ಚಿಡಬೇಡಿ. ಡಾಕ್ಟರ ಮುಂದೆ ಮೊದಲು ಹೇಳಬೇಕಾದ ಮಾತು ಅದು. ಬೆಳಿಗ್ಗೆ ಒಂದು ರಕ್ತಪರೀಕ್ಷೆ ಮಾಡಿಸಿ, ಮಕ್ಕಳದ್ದೂ ಬೇಕಾ ಅಂತ ಅವರನ್ನೇ ಕೇಳಿ.